ಎಪ್ಪತ್ತೆರಡಕ್ಕೆ ನಿಂತ ಯೋಜನೆ

ಹದಿನಾಲ್ಕನೇ ಪುಟದ ಕೊನೆಯ ಸಾಲನ್ನು ಅಕ್ಕ ಮೂರನೇ ಸಲ ಓದಿದಳು. ಮೂರನೇ ಸಲವೂ ಅದು ಬದಲಾಗಲಿಲ್ಲ.

ವಯಸ್ಸು: 72.

ಅದರ ಕೆಳಗೊಂದು ಗೆರೆ. ಗೆರೆಯ ಕೆಳಗೆ ‘ಉಳಿಯುವುದು’ ಎಂಬ ಶಬ್ದ, ಅದರ ಮುಂದೆ ಒಂದು ದೊಡ್ಡ ಮೊತ್ತ. ಆಮೇಲೆ ಖಾಲಿ ಕಾಗದ.

ಅವಳು ಬರೆದ ಯೋಜನೆಯಲ್ಲಿ ಆ ಪಟ್ಟಿ ಇನ್ನೂ ಇಪ್ಪತ್ತು ಸಾಲು ಇಳಿದು ತೊಂಬತ್ತೆರಡಕ್ಕೆ ನಿಲ್ಲುತ್ತಿತ್ತು. ಹಣಕಾಸು ಯೋಜನೆ ವಿಭಾಗದಲ್ಲಿ ಅದು ನಿಯಮ ಮಾತ್ರವಲ್ಲ, ವೇದವಾಕ್ಯ. ಮೊದಲ ದಿನ ಮೇಡಂ ಬೋರ್ಡಿನ ಮೇಲೆ ಬರೆದದ್ದು ಒಂದೇ ಸಂಖ್ಯೆ: 92. "ನಿಮ್ಮ ಗ್ರಾಹಕರು ನಾಳೇನೇ ಸಾಯಬಹುದು. ಅದು ಅವರ ವಿಚಾರ. ತೊಂಬತ್ತೆರಡರವರೆಗೆ ಅವರ ಊಟಕ್ಕೆ ದಾರಿ ಮಾಡೋದು ನಿಮ್ಮ ಕೆಲಸ." ಒಮ್ಮೆ ಯಾರೋ ತೊಂಬತ್ತೊಂದು ಎಂದು ಬರೆದುಕೊಂಡು ಬಂದಾಗ ಮೇಡಂ ಇಡೀ ತರಗತಿಯನ್ನು ನಿಲ್ಲಿಸಿ ಕೇಳಿದ್ದರು, "ಆ ಕೊನೇ ವರ್ಷ ಅವರು ಏನು ತಿನ್ನಬೇಕು? ನಿಮ್ಮ ಸರ್ಟಿಫಿಕೇಟಾ?"

ಗಡಿಯಾರದಜ್ಜ ಅವಳ ಗ್ರಾಹಕ. ಅಂತಿಮ ವರ್ಷದ ಪ್ರತಿ ವಿದ್ಯಾರ್ಥಿಯೂ ನಿಜವಾದ ಒಬ್ಬ ಮನುಷ್ಯನನ್ನು ಹುಡುಕಿ, ಅವನ ಮುಂದಿನ ಬದುಕಿಗೆ ಹಣದ ದಾರಿ ಹಾಕಿಕೊಡಬೇಕು. ಅಜ್ಜ ಮೂರು ವಾರದ ಹಿಂದೆ, ಒಂಬತ್ತನೇ ತಾರೀಕಿನ ಸಂಜೆ, ತನ್ನ ಅಂಗಡಿಯ ಅಟ್ಟದ ಏಣಿಯಿಂದ ಬಿದ್ದು ಸತ್ತಿದ್ದ. ಕಾಲು ಜಾರಿತು ಎಂದು ಬರೆದು ಪೊಲೀಸರು ಕೈತೊಳೆದುಕೊಂಡಿದ್ದರು. ಅವನ ವಯಸ್ಸು ಎಪ್ಪತ್ತೆರಡು.

ಈ ಪುಟದ ಅಡಿಯಲ್ಲಿ ವಿಭಾಗದ ಲ್ಯಾಬಿನ ಯಂತ್ರ ತಾನಾಗಿಯೇ ಒತ್ತಿದ ಸಣ್ಣಕ್ಷರ: ನಾಲ್ಕನೇ ತಾರೀಕು, ಬೆಳಿಗ್ಗೆ 11.20.

ಅಂದರೆ ಅಜ್ಜ ಸಾಯುವ ಐದು ದಿನ ಮೊದಲೇ ಯಾರೋ ಅವನನ್ನು ಕಾಗದದ ಮೇಲೆ ಸಾಯಿಸಿ ನೋಡಿದ್ದರು. ಈ ವರ್ಷವೇ ಹೋದರೆ ಏನು ಉಳಿಯುತ್ತದೆ ಎಂದು.

ಆ ಸಣ್ಣಕ್ಷರದ ಪಕ್ಕದಲ್ಲಿ ವಿದ್ಯಾರ್ಥಿಯ ನಂಬರೂ ಇತ್ತು. ಆ ನಂಬರು ಅವಳದೇ.

ಅಕ್ಕ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಕಾರಿಡಾರಿನ ಬೆಂಚಿಗೆ ಒರಗಿದಳು. ಒಂಬತ್ತೂಕಾಲು. ಹತ್ತಕ್ಕೆ ಮೌಖಿಕ ಪರೀಕ್ಷೆ, ಮೊದಲ ಸರದಿ ಅವಳದು. ಅಸಲು ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ಬೇಕಿರಲಿಲ್ಲ. ನಲವತ್ತಮೂರು ವಯಸ್ಸಿಗೆ, ಹತ್ತೊಂಬತ್ತು ವರ್ಷದ ನರ್ಸ್ ಕೆಲಸ ಬಿಟ್ಟು, ಇಪ್ಪತ್ತೊಂದರ ಮಕ್ಕಳ ನಡುವೆ ಬಂದು ಕೂತವಳನ್ನು ಇಡೀ ವಿಭಾಗ ಅಕ್ಕ ಎಂದೇ ಕರೆಯುತ್ತಿತ್ತು. ಪಾಸಾದರೆ ಒಂದು ಸಲಹಾ ಸಂಸ್ಥೆಯಲ್ಲಿ ಕುರ್ಚಿ ಕಾಯುತ್ತಿತ್ತು. ಫೇಲಾದರೆ ಕಾಯುತ್ತಿದ್ದದ್ದು ಹೈಸ್ಕೂಲು ಓದುವ ಮಗಳೊಬ್ಬಳೇ. "ಫೇಲಾದ್ರೂ ಮನೆಗೆ ಬಾ ಅಮ್ಮ, ಬಯ್ಯಲ್ಲ. ನಿನ್ನ ಮಾರ್ಕ್ಸ್ ಕಾರ್ಡಿಗೆ ನಾನೇ ಸೈನ್ ಹಾಕ್ತೀನಿ," ಎಂದು ಬೆಳಿಗ್ಗೆ ಕಳಿಸಿಕೊಟ್ಟಿದ್ದಳು.

ಈ ಪುಟ ಹೊರಗೆ ಬಂದರೆ ಫೇಲಾಗುವುದಿರಲಿ, ಮೊದಲು ಬೊಟ್ಟು ತೋರಿಸುವುದೇ ಅವಳ ಕಡೆಗೆ. ಒಳಗೇ ಉಳಿದರೆ ಅಜ್ಜ ಕಾಲು ಜಾರಿ ಸತ್ತವನಾಗಿಯೇ ಉಳಿಯುತ್ತಾನೆ.

ನಿನ್ನೆ ಅಜ್ಜನ ಮಗಳು, ಅಂಚೆ ಕಚೇರಿಯಿಂದ ನೇರ ಬಂದವಳು, ಫೈಲನ್ನು ಕೈಗಿಟ್ಟಿದ್ದಳು.

"ಅಪ್ಪನ ಡ್ರಾಯರಲ್ಲಿತ್ತು. ನಿಮ್ದೇ ಅಲ್ವಾ? ಈ ಒಂದು ಹಾಳೆ ಮಾತ್ರ ಬೇರೆ ಇತ್ತು, ಚೀಟಿ ಕಟ್ಟಿ ಇಟ್ಟಿದ್ರು."

ಹದಿನಾಲ್ಕನೇ ಪುಟದ ಮೂಲೆಗೆ ದಾರದಲ್ಲಿ ಕಟ್ಟಿದ್ದ ಹಳದಿ ಚೀಟಿ. 317.

ಆ ಚೀಟಿಗಳ ಪದ್ಧತಿ ಅಕ್ಕನಿಗೆ ಗೊತ್ತಿತ್ತು. ಅಜ್ಜನ ಅಂಗಡಿಗೆ ಏನು ಬಂದರೂ ಚೀಟಿ ಪುಸ್ತಕದಿಂದ ಒಂದು ಹರಿಯುತ್ತಿದ್ದ. ಅರ್ಧ ತಂದವರ ಕೈಗೆ, ಅರ್ಧ ವಸ್ತುವಿನ ಕೊರಳಿಗೆ. ವಸ್ತುವಿನ ಚೀಟಿಯ ಮುಂದೆ ಬಂದ ತಾರೀಕು, ಹಿಂದೆ ಕೆಲಸ ಮುಗಿದ ತಾರೀಕು, ಗಂಟೆ, ನಿಮಿಷ. ಅವಳು ತಂದುಕೊಡುತ್ತಿದ್ದ ಪ್ರಶ್ನಾವಳಿಗಳಿಗೂ ಹಾಗೆಯೇ ಕಟ್ಟಿ, "ತಗೋ ನರ್ಸಮ್ಮ, ನಿನ್ನ ಅರ್ಧ. ಕಳೆದುಕೊಂಡ್ರೆ ನನ್ನ ಉತ್ತರ ವಾಪಸ್ ಸಿಗಲ್ಲ," ಎನ್ನುತ್ತಿದ್ದ. ಗಡಿಯಾರ ಹೊರಗೆ ಹೋಗಬೇಕಾದರೆ ಎರಡೂ ಅರ್ಧ ಕೂಡಬೇಕು. ಆಗ ಅಜ್ಜ ತನ್ನ ಪುಟ್ಟ ಕತ್ತರಿಯಿಂದ ತಾನೇ ದಾರ ಕತ್ತರಿಸಿ, ಜೋಡಿ ಚೀಟಿಯನ್ನು ಮೇಜಿನ ಸೂಜಿಗೆ ಚುಚ್ಚುತ್ತಿದ್ದ. ಆ ಕತ್ತರಿಯನ್ನು ಮಗಳಿಗೂ ಮುಟ್ಟಗೊಡುತ್ತಿರಲಿಲ್ಲ. ಚೀಟಿ ಸಮೇತ ಒಂದು ಗಡಿಯಾರವೂ ನಲವತ್ತು ವರ್ಷದಲ್ಲಿ ಅವನ ಹೊಸಿಲು ದಾಟಿರಲಿಲ್ಲ.

"ಇನ್ನೊಂದು ವಿಚಾರ," ಎಂದಿದ್ದಳು ಮಗಳು. "ಮುನ್ನೂರ ಹದಿನೆಂಟು ಎಲ್ಲೂ ಇಲ್ಲ."

"ಎಲ್ಲೂ ಅಂದ್ರೆ?"

"ಪುಸ್ತಕದಲ್ಲಿ ಹರಿದಿದೆ. ಸೂಜಿಯಲ್ಲಿಲ್ಲ. ಅಂಗಡೀಲಿರೋ ಯಾವ ಗಡಿಯಾರದ ಕೊರಳಲ್ಲೂ ಇಲ್ಲ. ಮುನ್ನೂರ ಹತ್ತೊಂಬತ್ತು ಹಾಗೇ ಪುಸ್ತಕದಲ್ಲೇ ಇದೆ."

"ನೀವು ಆಮೇಲೆ ಯಾರಿಗಾದ್ರೂ ಏನಾದ್ರೂ ಕೊಟ್ರಾ?"

"ಒಂದು ಮುಳ್ಳೂ ಹೊರಗೆ ಹೋಗಿಲ್ಲ. ಹತ್ತನೇ ತಾರೀಕು ಬೆಳಿಗ್ಗೆ ಅಪ್ಪ ಬಿದ್ದಿರೋದನ್ನ ಮೊದಲು ನೋಡಿದ್ದು ನಾನೇ. ಆವತ್ತಿಂದ ಬೀಗದ ಕೈ ನನ್ನ ಹತ್ರಾನೇ ಇದೆ."

ಎರಡು ಚೀಟಿ. ಒಂದರ ವಸ್ತು ಸಿಕ್ಕಿದೆ, ತಂದವರು ಯಾರೋ ಗೊತ್ತಿಲ್ಲ. ಇನ್ನೊಂದರ ವಸ್ತುವೂ ಇಲ್ಲ, ತಂದವರೂ ಇಲ್ಲ.

ಮೊದಲನೆಯದು ಮೊದಲು ಎಂದುಕೊಂಡಳು ಅಕ್ಕ. ವಾರ್ಡಿನಲ್ಲಿ ಕಲಿತ ಪಾಠ: ನಾಲ್ಕು ಗಂಟೆ ಒಟ್ಟಿಗೆ ಬಾರಿಸಿದರೂ ಒಂದು ಹಾಸಿಗೆಯಿಂದಲೇ ಶುರುಮಾಡಬೇಕು.

ನಾಲ್ಕನೇ ತಾರೀಕು ಬೆಳಿಗ್ಗೆ ತೆರಿಗೆ ವಿಷಯದ ಪರೀಕ್ಷೆ ಇತ್ತು. ಹನ್ನೊಂದು ಇಪ್ಪತ್ತಕ್ಕೆ ಅಕ್ಕ ಮಾತ್ರವಲ್ಲ, ಇಡೀ ತರಗತಿ ಪೆನ್ನು ಕಚ್ಚುತ್ತಾ ಕೂತಿತ್ತು. ಪರೀಕ್ಷೆಯ ದಿನ ಲ್ಯಾಬಿಗೆ ಬೀಗ. ಬೀಗದ ಕೈ ಎರಡೇ. ಒಂದು ತರಗತಿಯ ಪ್ರತಿನಿಧಿ, ಎಲ್ಲರೂ ಪರ್ಸೆಂಟು ಎಂದು ಕರೆಯುವ ಹುಡುಗನ ಹತ್ತಿರ. ಅವನು ಆ ವಿಷಯವನ್ನು ಬೇರೆ ಕಡೆ ಪಾಸು ಮಾಡಿಕೊಂಡು ಬಂದಿದ್ದರಿಂದ ಪರೀಕ್ಷೆಗೇ ಬಂದಿರಲಿಲ್ಲ. ಇನ್ನೊಂದು ಮೇಡಂ ಹತ್ತಿರ. ಮೇಡಂ ಅಂದು ಕೋಣೆಯ ಮೇಲ್ವಿಚಾರಣೆಯಲ್ಲಿದ್ದವರು ಹನ್ನೊಂದಕ್ಕೆ ಸರಿಯಾಗಿ ಬೇರೊಬ್ಬರನ್ನು ಕೂರಿಸಿ ಹೊರಟುಹೋಗಿದ್ದರು.

ಇಬ್ಬರು. ಒಬ್ಬ ತಮ್ಮನಂಥವನು. ಇನ್ನೊಬ್ಬರು ಗುರು. ಅತ್ತ ದರಿ, ಇತ್ತ ಪುಲಿ.

"ಅಕ್ಕಾ!"

ತಮ್ಮನಂಥವನು ಎರಡು ಕಾಗದದ ಲೋಟ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದ.

"ನೂರಕ್ಕೆ ಎಂಬತ್ತು ಪಾಲು ನೀವೇ ಇವತ್ತು ಫಸ್ಟು. ಉಳಿದ ಇಪ್ಪತ್ತು ಪಾಲು ಈ ಟೀ ಕುಡಿದು ನಿಮ್ಮ ಹೊಟ್ಟೆ ಕೆಟ್ಟರೆ ಮಾತ್ರ."

ಪರ್ಸೆಂಟು ಬಾಯಿ ತೆರೆದರೆ ನೂರಕ್ಕೆ ಇಷ್ಟು ಎಂಬುದಿಲ್ಲದೆ ಮಾತು ಮುಗಿಯುತ್ತಿರಲಿಲ್ಲ. ಮೊದಲ ವಾರ ಮೌಸ್ ಹಿಡಿದ ಅಕ್ಕನ ಕೈ ನಡುಗುವುದನ್ನು ನೋಡಿ, ನಗದೆ ಪಕ್ಕ ಬಂದು ಕೂತವನು ಅವನೊಬ್ಬನೇ. ಅವಳ ಯೋಜನೆಗೆ ಎರಡನೇ ಕಣ್ಣೂ ಅವನೇ. ಪ್ರತಿ ಯೋಜನೆಯನ್ನೂ ಇನ್ನೊಬ್ಬ ವಿದ್ಯಾರ್ಥಿ ಸಾಲು ಬಿಡದೆ ಓದಿ ಸಹಿ ಹಾಕಬೇಕು, ಅದಕ್ಕೆ ವಿಭಾಗದಲ್ಲಿ ಆ ಹೆಸರು.

ಅಕ್ಕ ಸುತ್ತಿ ಬಳಸಲಿಲ್ಲ.

"ಅಜ್ಜನ ಅಂಗಡಿಗೆ ಎಷ್ಟು ಸಲ ಹೋಗಿದೀಯೋ?"

"ಒಂದೇ ಸಲ. ಮೂರನೇ ತಾರೀಕು. ಯಾಕೆ?"

"ಯಾಕೆ ಹೋಗಿದ್ದೆ?"

"ವಾಚು ನಿಂತಿತ್ತು, ಕೊಟ್ಟು ಬಂದೆ." ಅವನು ಎಡಗೈ ಎತ್ತಿ ತೋರಿಸಿದ. ಬಿಸಿಲಿಗೆ ಕಂದಿದ ಮಣಿಕಟ್ಟಿನಲ್ಲಿ ವಾಚು ಇದ್ದ ಜಾಗ ಬೆಳ್ಳಗೆ ಪಟ್ಟೆಯಾಗಿ ಉಳಿದಿತ್ತು. "ವಾಚು ಅಲ್ಲೇ ಉಳೀತು. ಪಾಪ, ಅಜ್ಜ ಹೋದ್ರು. ಈಗ ಯಾರಾದ್ರೂ ಟೈಮ್ ಕೇಳಿದ್ರೆ ಚೀಟಿ ತೋರಿಸ್ತೀನಿ."

ಪರ್ಸಿನಿಂದ ಹಳದಿ ಅರ್ಧ ತೆಗೆದ. 316.

ಅಕ್ಕ ತಡೆದಿದ್ದ ಉಸಿರು ಬಿಟ್ಟಳು. ಹದಿನಾರು, ಹದಿನೇಳಲ್ಲ.

"ಆಮೇಲೆ ಹೋಗಲೇ ಇಲ್ವಾ?"

"ಎಲ್ಲಿ! ಒಂಬತ್ತನೇ ತಾರೀಕು ಬಾ ಅಂದಿದ್ರು. ಆವತ್ತು ಜ್ವರ ಬಂದು ಮುಸುಕು ಹಾಕ್ಕೊಂಡು ಮಲಗಿದ್ದೆ. ನೀವೇ ಅಲ್ವಾ ಫೋನಲ್ಲಿ ಮಾತ್ರೆ ಹೇಳಿದ್ದು? ಜೊತೆಗೆ ಬೈದಿದ್ದೂ."

ಹೌದು, ಬೈದಿದ್ದಳು. ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

ಪರ್ಸೆಂಟನ್ನು ಮನಸ್ಸಿನ ಪಟ್ಟಿಯಿಂದ ಹೊಡೆದುಹಾಕಿ, ಹದಿನಾಲ್ಕನೇ ಪುಟವನ್ನು ಅವನ ಮುಂದೆ ಹಿಡಿದಳು. ಅವನು ಓದಿದ. ಲೋಟದಿಂದ ಟೀ ತುಳುಕಿ ಚಪ್ಪಲಿಯ ಮೇಲೆ ಬಿತ್ತು.

"ಇದು ನಾನು ಸಹಿ ಹಾಕಿದ ಪುಟ ಅಲ್ಲ."

"ಗೊತ್ತು."

"ಕೆಳಗೆ ನಿಮ್ಮ ನಂಬರಿದೆ ಅಕ್ಕ." ಅವನ ದನಿ ಇಳಿಯಿತು. "ಒಳಗೆ ತಗೊಂಡು ಹೋಗ್ಬೇಡಿ. ಹರಿದು ಹಾಕಿ. ನಿಜವಾದ ಪುಟ ಫೈಲಲ್ಲಿದೆಯಲ್ಲ, ಅದನ್ನೇ ಓದಿ, ಪಾಸಾಗಿ, ಮನೆಗೆ ಹೋಗಿ. ಸತ್ತವರು ಎದ್ದು ಬರ್ತಾರಾ?"

"ಎದ್ದು ಬರಲ್ಲ ಕಣೋ. ಅದಕ್ಕೇ ಅವರ ಪರವಾಗಿ ಯಾರಾದ್ರೂ ನಿಲ್ಲಬೇಕು."

"ನೂರಕ್ಕೆ ತೊಂಬತ್ತು ಪಾಲು ನಿಮ್ಮನ್ನೇ ಹಿಡ್ಕೋತಾರೆ."

"ಹತ್ತು ಪಾಲು ಉಳೀತಲ್ಲ, ಸಾಕು." ಅಕ್ಕ ಎದ್ದು ನಿಂತಳು. "ಹತ್ತೊಂಬತ್ತು ವರ್ಷ ಹಾಸಿಗೆ ಕಾಲಿಗೆ ನೇತುಹಾಕಿದ ಚಾರ್ಟ್ ಬರೆದಿದೀನಿ. ಯಾರಾದ್ರೂ ಚಾರ್ಟ್ ತಿದ್ದಿದ್ರೆ, ತಿದ್ದಿದ ಕೈ ಯಾವುದು ಅಂತ ಗೊತ್ತಾಗೋವರೆಗೂ ಮುಂದಿನ ಡೋಸ್ ಕೊಡ್ತಿರಲಿಲ್ಲ. ಡಾಕ್ಟರು ಬೈದ್ರೂ ಕೊಡ್ತಿರಲಿಲ್ಲ."

ಅವಳು ಫೈಲಿನ ಕ್ಲಿಪ್ಪು ಬಿಚ್ಚಿದಳು. ಒಳಗಿದ್ದ ಸರಿಯಾದ ಹದಿನಾಲ್ಕನೇ ಪುಟವನ್ನು ಹೊರತೆಗೆದಳು. ತಿದ್ದಿದ ಪುಟದ ಚೀಟಿ ಬಿಚ್ಚಿ ಜೇಬಿಗಿಟ್ಟು, ಆ ಪುಟವನ್ನು ಖಾಲಿ ಜಾಗಕ್ಕೆ ಸೇರಿಸಿ ಕ್ಲಿಪ್ಪು ಒತ್ತಿದಳು.

ಮೌಖಿಕ ಪರೀಕ್ಷೆಗೆ ಈ ವಿಭಾಗದಲ್ಲಿ ಒಂದು ಕ್ರಮವಿತ್ತು. ವಿದ್ಯಾರ್ಥಿ ಗ್ರಾಹಕನ ಮೊದಲ ಗುರಿಯನ್ನೂ ಪಟ್ಟಿಯ ಕೊನೆಯ ಸಾಲನ್ನೂ ಗಟ್ಟಿಯಾಗಿ ಓದಬೇಕು. ಕೊನೆಯ ಸಾಲು ಯಾವಾಗಲೂ ತೊಂಬತ್ತೆರಡು. ಇವತ್ತು ಆಗಿರುವುದಿಲ್ಲ. ಅದನ್ನು ಕೇಳಿ ಯಾವ ಯೋಜನಾಕಾರನೂ ಸುಮ್ಮನೆ ಕೂರಲಾರ, ಕುರ್ಚಿಯಿಂದ ಅರ್ಧ ಏಳುತ್ತಾನೆ. ಮೊದಲೇ ಗೊತ್ತಿದ್ದವರು ಮಾತ್ರ ಏಳುವುದಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಲೋಕದ ರೂಢಿ. ಇಲ್ಲಿ ಅದು ತಿರುಗಾಮುರುಗಾ. ಹೆಗಲು ಮುಟ್ಟಿಕೊಳ್ಳದವರನ್ನು ಹುಡುಕಬೇಕಿತ್ತು.

ಓದುವ ರಜೆ ಶುರುವಾದ ಮೇಲೆ ಅಕ್ಕ ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಉದ್ದ ಮೇಜು, ಒಂದು ಕಾಲು ಗಿಡ್ಡವಾದ ಅದೇ ಕುರ್ಚಿಗಳು, ಸುಣ್ಣ ಉದುರಿದ ಅದೇ ಗೋಡೆ. ಮೇಜಿನ ಆ ಬದಿಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಬ್ಯಾಂಕಿನಿಂದ ನಿವೃತ್ತರಾದವರು, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಇಳಿಬಿಟ್ಟುಕೊಂಡಿದ್ದರು. ಅವರ ಪಕ್ಕ ಮೇಡಂ. ಕಿಟಕಿಯ ಕಡೆ ಎರಡನೇ ಕಣ್ಣಿನ ಕುರ್ಚಿಯಲ್ಲಿ ಪರ್ಸೆಂಟು.

"ಗಂಟೆ ಹತ್ತು," ಎಂದರು ಪರೀಕ್ಷಕರು, ತಲೆ ತಿರುಗಿಸಿ ತಮ್ಮ ಬೆನ್ನ ಹಿಂದಿನ ಗೋಡೆ ನೋಡಿ. "ನಿಮ್ಮ ಗಡಿಯಾರ ಸರಿ ಇದೆ ತಾನೇ? ಕಳೆದ ಸಲ ನಾನು ಬಂದಾಗ ಇಡೀ ದಿನ ನಾಲ್ಕೇ ಆಗಿತ್ತು."

"ಈಗ ಸರಿಯಾಗಿದೆ ಸರ್," ಎಂದರು ಮೇಡಂ. "ಶುರುಮಾಡಿ. ಮೊದಲ ಗುರಿ."

ಅಕ್ಕ ಓದಿದಳು. "ಗ್ರಾಹಕರ ಮೊದಲ ಗುರಿ: ನನ್ನಿಂದಾಗಿ ಯಾರ ಮನೆಯಲ್ಲೂ ಹೊತ್ತು ತಪ್ಪಬಾರದು."

ಪರೀಕ್ಷಕರು ನಕ್ಕರು. "ಇದು ಹಣಕಾಸಿನ ಗುರಿನಾ?"

"ಅವರು ಹೇಳಿದ್ದು ಅದೇ ಸರ್. ಎಷ್ಟು ಕೇಳಿದ್ರೂ ಅದೇ. ಎರಡನೇದು, ಮಗಳಿಗೆ ಭಾರ ಆಗಬಾರದು."

"ಹೂಡಿಕೆ ಐದನೇ ಒಂದು ಪಾಲು ಬಿದ್ದರೆ ಏನು ಮಾಡ್ತೀರಿ ಅಂತ ಕೇಳಿದ್ರಾ?"

"ಕೇಳಿದೆ. ‘ಬಿದ್ದ ಗಡಿಯಾರ ತಕ್ಷಣ ಬಿಚ್ಚಬಾರದು ನರ್ಸಮ್ಮ. ಒಂದು ದಿನ ಸುಮ್ಮನೆ ಇಟ್ಟು ನೋಡ್ಬೇಕು, ಎಷ್ಟೋ ಸಲ ತಾನೇ ನಡೆಯುತ್ತೆ’ ಅಂದ್ರು."

"ಭೇಷ್! ನಮ್ಮ ಬ್ಯಾಂಕಿನ ಗ್ರಾಹಕರಲ್ಲಿ ನೂರರಲ್ಲಿ ಒಬ್ಬನಿಗೆ ಈ ಬುದ್ಧಿ ಇದ್ದಿದ್ರೆ ನನಗೆ ಬಿಪಿ ಬರ್ತಿರಲಿಲ್ಲ. ಸರಿ, ಕೊನೆಯ ಸಾಲು."

ಅಕ್ಕ ಹದಿನಾಲ್ಕನೇ ಪುಟ ತೆರೆದಳು. ಪುಟವನ್ನು ನೋಡಬೇಕಾದ ಅಗತ್ಯವಿರಲಿಲ್ಲ. ಮೇಡಂ ಮುಖ ನೋಡುತ್ತಲೇ ಹೇಳಿದಳು:

"ವಯಸ್ಸು ಎಪ್ಪತ್ತೆರಡು. ಯೋಜನೆ ಮುಗಿಯಿತು."

ಪರೀಕ್ಷಕರ ಕೈ ಕನ್ನಡಕಕ್ಕೆ ಹೋಯಿತು. "ಎಷ್ಟು? ಎಪ್ಪತ್ತೆರಡಾ? ಏನಮ್ಮಾ, ಗ್ರಾಹಕರನ್ನ ಅರ್ಧ ದಾರೀಲೇ ಬಸ್ಸಿಂದ ಇಳಿಸಿಬಿಟ್ರಲ್ಲ!"

"ಅಕ್ಕ, ತಪ್ಪು ಪುಟ," ಎಂದ ಪರ್ಸೆಂಟು ಸಣ್ಣಗೆ.

ಮೇಡಂ ಏಳಲಿಲ್ಲ. ತೊಂಬತ್ತೊಂದಕ್ಕೆ ಇಡೀ ತರಗತಿಯನ್ನು ನಿಲ್ಲಿಸಿದ್ದ ಮೇಡಂ, ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

"ಮುಂದಿನ ಪ್ರಶ್ನೆಗೆ ಹೋಗೋಣ ಸರ್," ಎಂದರು.

ಕೋಣೆಯಲ್ಲಿ ಗಡಿಯಾರದ ಸದ್ದು ಒಂದೇ ಕೇಳುತ್ತಿತ್ತು.

"ಮೇಡಂ," ಎಂದಳು ಅಕ್ಕ. "ನೀವು ಯಾಕೆ ಬೈಯಲಿಲ್ಲ?"

"ಏನು?"

"ಎಪ್ಪತ್ತೆರಡು ಅಂದೆ. ನೀವು ಬೈಯಲಿಲ್ಲ."

"ಪರೀಕ್ಷೆ ಕೊಡ್ತಿರೋದು ನೀವು. ಪ್ರಶ್ನೆ ಕೇಳೋದು ನಾವು."

"ಹಾಗಾದ್ರೆ ಕೇಳಿ. ಈ ಪುಟ ಎಲ್ಲಿಂದ ಬಂತು ಅಂತ ಕೇಳಿ. ಇದರ ಕೆಳಗೆ ನನ್ನ ನಂಬರಿದೆ, ನಾಲ್ಕನೇ ತಾರೀಕಿದೆ, ಹನ್ನೊಂದು ಇಪ್ಪತ್ತಿದೆ. ಆ ಹೊತ್ತಿಗೆ ನಾನು ತೆರಿಗೆ ಪೇಪರ್ ಬರೀತಿದ್ದೆ. ಹನ್ನೊಂದಕ್ಕೆ ಎದ್ದು ಹೋದವರು ನೀವು. ಗ್ರಾಹಕರು ಸತ್ತಿದ್ದು ಒಂಬತ್ತನೇ ತಾರೀಕು. ಇವತ್ತು ನನ್ನನ್ನ ಫೇಲ್ ಮಾಡಿ, ಪೊಲೀಸರನ್ನ ಕರೀರಿ, ಅಭ್ಯಂತರ ಇಲ್ಲ. ಆದ್ರೆ ಈ ಸಾಲು ಬರೆದವರು ಯಾರು ಅಂತ ಗೊತ್ತಾಗದೆ ನಾನು ಈ ಕುರ್ಚಿಯಿಂದ ಏಳಲ್ಲ."

"ಏನ್ರೀ ಇದು?" ಪರೀಕ್ಷಕರು ಒಬ್ಬರಿಂದ ಇನ್ನೊಬ್ಬರಿಗೆ ತಿರುಗಿದರು. "ನಾನು ಅಂಕ ಹಾಕೋಕೆ ಬಂದಿದ್ದೆ."

ಮೇಡಂ ಹಣೆಯಲ್ಲಿ ಬೆವರೊಡೆದಿತ್ತು. ಅಕ್ಕನಿಗಿಂತ ಎರಡು ವರ್ಷಕ್ಕೆ ಚಿಕ್ಕವರು, ಆದರೆ ಈ ಹೊತ್ತಿನಲ್ಲಿ ಹತ್ತು ವರ್ಷ ದೊಡ್ಡವರಂತೆ ಕಂಡರು. ಕೈಚೀಲ ತೆರೆದು, ತಡಕಾಡಿ, ಒಂದು ಹಳದಿ ಚೂರು ತೆಗೆದು ಮೇಜಿನ ಮೇಲಿಟ್ಟರು.

317.

ಅಕ್ಕ ಜೇಬಿನಿಂದ ತನ್ನ ಅರ್ಧ ತೆಗೆದು ಪಕ್ಕದಲ್ಲಿಟ್ಟಳು. ಹರಿದ ಅಂಚಿಗೆ ಹರಿದ ಅಂಚು ಕೂಡಿಕೊಂಡಿತು.

"ನಾನೇ ಬರೆದದ್ದು," ಎಂದರು ಮೇಡಂ. "ಗೈಡ್ ಆಗಿ ನಾನು ನಿಮ್ಮ ಯೋಜನೆ ತೆರೆದ್ರೂ ಕೆಳಗೆ ವಿದ್ಯಾರ್ಥಿ ನಂಬರೇ ಬೀಳುತ್ತೆ. ಅದು ನನಗೆ ಹೊಳೀಲಿಲ್ಲ. ಆವತ್ತು ಅವರು ಪರೀಕ್ಷಾ ಕೋಣೆ ಬಾಗಿಲಲ್ಲಿ ಬಂದು ನಿಂತಿದ್ರು. ಕೈಯಲ್ಲಿ ಡಾಕ್ಟರ ಚೀಟಿ. ಹೃದಯ. ಹೆಚ್ಚಂದ್ರೆ ಆರು ತಿಂಗಳು ಅಂದಿದ್ರಂತೆ."

ಅಕ್ಕ ಕೂಡಿಕೊಂಡ ಚೀಟಿಯಿಂದ ಕಣ್ಣೆತ್ತಿದಳು.

"‘ಈ ಎಪ್ಪತ್ತೆರಡು ದಾಟಲ್ಲಮ್ಮ. ಈ ವರ್ಷ ಹೋದ್ರೆ ಮಗಳಿಗೆ ಏನು ಉಳಿಯುತ್ತೆ, ಅಷ್ಟು ತೆಗೆದು ಕೊಡಿ’ ಅಂದ್ರು. ‘ಯೋಜನೆ ಬರೆದ ವಿದ್ಯಾರ್ಥಿನಿಯನ್ನೇ ಕೇಳಿ’ ಅಂದೆ. ‘ಬೇಡ. ಆ ಹುಡುಗಿ ನನಗೆ ತೊಂಬತ್ತೆರಡರವರೆಗೆ ಊಟ ಹಾಕಿದ್ದಾಳೆ. ಪರೀಕ್ಷೆ ಮುಗಿಯೋವರೆಗೂ ಆ ಖುಷಿ ಇರ್ಲಿ’ ಅಂದ್ರು. ಅಂಗಡಿ ಬಾಗಿಲು ತೆರೆದಿಟ್ಟು ಬಂದಿದ್ದೀನಿ ಅಂತ ಕಾಯದೇ ಹೊರಟ್ರು. ಮಧ್ಯಾಹ್ನ ನಾನೇ ಒಯ್ದು ಕೊಟ್ಟೆ. ಚೀಟಿ ಹರಿದು ನನ್ನ ಕೈಗಿಟ್ರು." ಮೇಡಂ ಮೇಜಿನ ಮೇಲಿದ್ದ ಚೀಟಿಯನ್ನು ಬೆರಳಿಂದ ನೇರ ಮಾಡಿದರು. "ಹದಿನೈದು ವರ್ಷ ಯಾರಿಗೂ ತೊಂಬತ್ತೆರಡಕ್ಕಿಂತ ಕೆಳಗೆ ಬರೆಯೋಕೆ ಬಿಟ್ಟಿಲ್ಲ ನಾನು. ಒಂದೇ ಒಂದು ಸಲ ಬರೆದೆ. ಐದು ದಿನಕ್ಕೆ ಏಣಿಯಿಂದ ಬಿದ್ದು ಹೋಗಿಬಿಟ್ರು. ಯಾರ ಮುಂದೆ ಹೇಳಲಿ?"

ನಲವತ್ತಮೂರು ವರ್ಷದವಳನ್ನು ಹುಡುಗಿ ಎಂದು ಕರೆದು ಹೋದ ಮುದುಕನ ಮೇಲೆ ಅಕ್ಕನಿಗೆ ಕೋಪ ಬಂತು. ಅಳು ಬಂತು ಎನ್ನುವುದಕ್ಕಿಂತ ಹಾಗೆನ್ನುವುದೇ ಅವಳಿಗೆ ಸುಲಭವಾಗಿತ್ತು.

"ಸೆಖೆ," ಎಂದರು ಮೇಡಂ, ಮುಖ ಒರೆಸಿಕೊಳ್ಳುತ್ತಾ. "ಫ್ಯಾನ್ ಹಾಕಪ್ಪ."

ಪರ್ಸೆಂಟು ಎದ್ದು ಸ್ವಿಚ್ಚು ಒತ್ತಿದ. ಫ್ಯಾನು ಕಿರುಗುಟ್ಟಿ ತಿರುಗತೊಡಗಿತು.

"ಸರಿ ಹೋಯ್ತಲ್ಲ," ಎಂದರು ಪರೀಕ್ಷಕರು, ದೊಡ್ಡ ಭಾರ ಇಳಿದಂತೆ. "ಹೃದಯದ ರೋಗಿ, ಏಣಿ ಹತ್ತಿದ್ದಾರೆ, ತಲೆ ಸುತ್ತಿದೆ, ಬಿದ್ದಿದ್ದಾರೆ. ಪಾಪ. ಇದರಲ್ಲಿ ಯಾರ ತಪ್ಪೂ ಇಲ್ಲಮ್ಮ. ಆ ಸರಿಯಾದ ಪುಟ ಇದ್ರೆ ಕೊಡಿ, ಮುಗಿಸೋಣ."

ಎಲ್ಲವೂ ಸರಿಯಾಗಿ ಕೂತಿತ್ತು. ಅಕ್ಕ ಚೀಲದಿಂದ ಸರಿಯಾದ ಪುಟ ತೆಗೆದು ಅವರ ಕಡೆ ಚಾಚಿದಳು ಕೂಡ.

ಫ್ಯಾನಿನ ಗಾಳಿಗೆ ಎದುರು ಗೋಡೆಯಲ್ಲಿ ಏನೋ ಅಲುಗಿತು.

ಓದುವ ರಜೆಗೆ ಮುಂಚೆ ನಾಲ್ಕು ಗಂಟೆಗೆ ಸತ್ತು ನಿಂತಿದ್ದ ಗೋಡೆ ಗಡಿಯಾರ. ಈಗ ಓಡುತ್ತಿತ್ತು, ಒಂದು ನಿಮಿಷವೂ ಹಿಂದುಮುಂದಿಲ್ಲದೆ. ಅದರ ಬೆನ್ನಿನ ಸಂದಿಯಿಂದ ದಾರದಲ್ಲಿ ಕಟ್ಟಿದ ಹಳದಿ ಚೂರೊಂದು ಹೊರಗೆ ಜಾರಿ ಗಾಳಿಗೆ ತೂಗುತ್ತಿತ್ತು.

ಅಕ್ಕನ ಕೈ ಅಲ್ಲೇ ನಿಂತಿತು.

"ಏನಾಯ್ತಮ್ಮ?"

ಅವಳು ಕುರ್ಚಿಯನ್ನು ಗೋಡೆಯವರೆಗೆ ಎಳೆದುಕೊಂಡು ಹೋದಳು. ಚಪ್ಪಲಿ ಬಿಟ್ಟು ಹತ್ತಿದಳು. ಗಿಡ್ಡ ಕಾಲಿನ ಕುರ್ಚಿ ಅತ್ತಿತ್ತ ತೂಗಿತು. ಒಂದು ಕೈಯಿಂದ ಗೋಡೆ ಹಿಡಿದು, ಇನ್ನೊಂದರಿಂದ ಚೀಟಿಯನ್ನು ತಿರುಗಿಸಿದಳು.

318. ಬಂದದ್ದು: ಆರನೇ ತಾರೀಕು.

ಹಿಂದೆ, ಅಜ್ಜನ ಪೆನ್ಸಿಲ್ಲಿನ ಪುಟ್ಟ ಅಕ್ಷರ. ಮುಗಿದದ್ದು: ಒಂಬತ್ತನೇ ತಾರೀಕು, ಸಂಜೆ 5.40.

ಅಜ್ಜ ಬಿದ್ದದ್ದು ಆರರ ಸುಮಾರಿಗೆ ಎಂದು ಪೊಲೀಸರು ಬರೆದಿದ್ದರು.

ಐದೂ ನಲವತ್ತಕ್ಕೆ ಈ ಗಡಿಯಾರ ಅಜ್ಜನ ಮೇಜಿನ ಮೇಲಿತ್ತು. ಅಜ್ಜ ಬದುಕಿದ್ದ. ಮಾರನೇ ದಿನ ಬೆಳಿಗ್ಗೆ ಮಗಳು ಬಂದು ನೋಡುವಷ್ಟರಲ್ಲಿ ಗಡಿಯಾರ ಅಂಗಡಿಯಲ್ಲಿರಲಿಲ್ಲ. ದಾರ ಕತ್ತರಿಸದೆ, ಜೋಡಿ ಸೂಜಿಗೆ ಚುಚ್ಚದೆ ಅಜ್ಜ ಯಾರ ಕೈಗೂ ಗಡಿಯಾರ ಕೊಟ್ಟವನಲ್ಲ. ಇದನ್ನು ತಂದವರು, ಅಜ್ಜ ಕತ್ತರಿ ಎತ್ತಲಾರದ ಹೊತ್ತಿನಲ್ಲಿ ತಂದಿದ್ದರು.

"ಮೇಡಂ." ಅಕ್ಕ ತಿರುಗಲಿಲ್ಲ. ದನಿ ಮಾತ್ರ ವಾರ್ಡಿನ ದನಿಯಾಗಿತ್ತು, ಎಲ್ಲರನ್ನೂ ನಿಂತಲ್ಲೇ ನಿಲ್ಲಿಸುವಂಥದ್ದು. "ಈ ಗಡಿಯಾರ ಇಲ್ಲಿಗೆ ತಂದವರು ಯಾರು?"

"ಗಡಿಯಾರನಾ?" ಮೇಡಂ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದರು. "ನಮ್ಮ ಪರ್ಸೆಂಟೇ. ರಿಪೇರಿಗೆ ಕೊಟ್ಟದ್ದೂ ಅವನೇ. ಹತ್ತನೇ ತಾರೀಕು ಬೆಳಿಗ್ಗೆ ನಾನು ಬೀಗ ತೆಗೆಯೋ ಹೊತ್ತಿಗೇ ಕಾಯ್ತಾ ನಿಂತಿದ್ದ, ಗಡಿಯಾರ ಕಂಕುಳಲ್ಲಿಟ್ಕೊಂಡು. ಪಾಪ, ಜ್ವರ ಬೇರೆ."

ಒಂದೇ ಸಲ ಹೋಗಿದ್ದೆ, ಎಂದಿದ್ದ. ಮೂರನೇ ತಾರೀಕು.

ಅಕ್ಕ ಚೀಟಿಯನ್ನು ಮುಷ್ಟಿಯಲ್ಲಿ ಮುಚ್ಚಿ ಜಗ್ಗಿದಳು. ದಾರ ಹರಿಯಿತು.

ಆಗ ಗೊತ್ತಾಯಿತು ಅವಳಿಗೆ, ಇಷ್ಟು ಹೊತ್ತು ಅತ್ತಿತ್ತ ತೂಗುತ್ತಿದ್ದ ಕುರ್ಚಿ ತೂಗುವುದನ್ನು ನಿಲ್ಲಿಸಿತ್ತು.

ಕೆಳಗೆ ನೋಡಿದಳು. ಎರಡು ಕೈಗಳು ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿದ್ದವು. ಎಡಗೈಯ ಮಣಿಕಟ್ಟಿನಲ್ಲಿ ಒಂದು ಬಿಳಿ ಪಟ್ಟೆ.

"ಇಳೀರಿ ಅಕ್ಕ," ಎಂದ ಪರ್ಸೆಂಟು, ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. "ಬೀಳಲ್ಲ. ನಾನು ಹಿಡ್ಕೊಂಡಿದೀನಲ್ಲ."